ಅವನನ್ನು ಹೊತ್ತು ಇಳಿದ ಮಳೆಗಾಲ

ಡೊಂಬಿವಲಿ ಸ್ಟೇಶನ್ನಿನ ಪೂರ್ವದ ಮೆಟ್ಟಿಲ ಬುಡದಲ್ಲಿ, ಮೊದಲ ಮಳೆ ಬಿದ್ದು ವಾರ ಕಳೆಯುವಷ್ಟರಲ್ಲಿ, ಕಾಡುಸೊಪ್ಪು ಮಾರುವ ಹೆಂಗಸರು ಗೋಣಿತಾಟು ಹಾಸಿ ಕೂರುತ್ತಾರೆ. ಮೊನ್ನೆ ಕೆಲಸದಿಂದ ಬರುವಾಗ ಒಬ್ಬಳ ಮುಂದೆ ಟಾಕಳಾ, ಅಂದರೆ ತಗಟೆ ಸೊಪ್ಪಿನ ಗುಡ್ಡೆ ಇತ್ತು. ಒಂದು ಹಿಡಿ ಎತ್ತಿಕೊಂಡು, ಎಳೆಯದೋ ಬಲಿತದ್ದೋ ನೋಡಲು ಎಲೆ ಹಿಸುಕಿದೆ. ಹಸಿ, ಕಮಟು ವಾಸನೆ ಮೂಗಿಗೆ ಹೊಡೆಯಿತು. ಕೈಯಲ್ಲಿದ್ದದ್ದು ಅಲ್ಲೇ ಬಿತ್ತು. ಸೊಪ್ಪಿನವಳು "ಕಾಯ್ ಝಾಲಂ ತಾಯೀ?" ಎಂದು ಕೇಳಿದಳು. ಏನಿಲ್ಲವೆಂದು ತಲೆಯಾಡಿಸಿ ರಿಕ್ಷಾದ ಸಾಲಿನಲ್ಲಿ ಹೋಗಿ ನಿಂತೆ. ಮನೆ ಮುಟ್ಟಿದರೂ ಬೆರಳಿನಿಂದ ಆ ವಾಸನೆ ಹೋಗಿರಲಿಲ್ಲ. ಕೆಲವು ವರ್ಷಗಳ ಹಿಂದಿನ ಒಂದು ಭಾನುವಾರ, ಒಂದು ಗುಡ್ಡದ ನೆತ್ತಿಯ ಮೇಲೆ, ನಾನು ಇದೇ ಸೊಪ್ಪಿನಲ್ಲಿ ಮುಖ ಹುದುಗಿ ಬಿದ್ದಿದ್ದೆ. ಬೆನ್ನ ಮೇಲೆ ಒಬ್ಬ ಗಂಡಸಿನ ಮೊಣಕಾಲಿತ್ತು.

ನಾನು ರಬಾಳೆಯಲ್ಲಿ ಪ್ಲಾಸ್ಟಿಕ್ ಡಬ್ಬಿ ತಯಾರಿಸುವ ಒಂದು ಕಂಪನಿಯ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ವಿಜಯಪುರದಿಂದ ಮದುವೆಯಾಗಿ ಡೊಂಬಿವಲಿಗೆ ಬಂದವಳು; ಗಂಡ ಕಲ್ಯಾಣದ ಬಟ್ಟೆ ಅಂಗಡಿಯೊಂದರಲ್ಲಿ ಮ್ಯಾನೇಜರ್. ಆ ವರ್ಷ ಬೇಸಿಗೆಯಲ್ಲಿ ಕಂಪನಿ ನಡೆಸಿದ ತಪಾಸಣೆಯಲ್ಲಿ ನನಗೆ ಶುಗರ್ ಇದೆಯೆಂದು ಗೊತ್ತಾಯಿತು. ನಮ್ಮ ಗೇಟಿನ ಎದುರು ಕ್ಯಾಂಟೀನ್ ನಡೆಸುವ ಜಯಂತಕ್ಕನಿಗೂ ಬಂದಿತ್ತು. ಉಡುಪಿ ಕಡೆಯವಳು, ಗಂಡ ತೀರಿಕೊಂಡ ಮೇಲೆ ಇಬ್ಬರು ಅಡಿಗೆಯವರನ್ನು ಇಟ್ಟುಕೊಂಡು ಒಬ್ಬಳೇ ನಡೆಸುತ್ತಿದ್ದಳು. "ರಸ್ತೆಯಲ್ಲಿ ವಾಕಿಂಗ್ ಅಂದ್ರೆ ನನಗೆ ನಿದ್ದೆ ಬರ್ತದೆ ಶಾರದಾ. ನಡೆಯುದಾದ್ರೆ ಗುಡ್ಡ ಹತ್ತುವ," ಅಂದಳು. ಹಾಗೆ ನಮ್ಮ ಭಾನುವಾರಗಳು ಶುರುವಾದವು.

ಕಲ್ಯಾಣದಿಂದ ಮಲಂಗಗಡದ ಕಡೆಗೆ ಹೋಗುವ ಬಸ್ಸಿನಲ್ಲಿ, ಗಡ ಬರುವುದಕ್ಕೆ ಮೊದಲೇ ಇಳಿದರೆ ಒಂದು ಸಣ್ಣ ಊರು. ಊರಾಚೆಯ ಮಾರುತಿ ಗುಡಿಯ ಹಿಂದಿನಿಂದ ಕಾಲುದಾರಿ ಏಳುತ್ತದೆ. ತೇಗದ ಮರಗಳ ನಡುವೆ ಹೋಗಿ, ಆಮೇಲೆ ಕಾರವಿ ಗಿಡಗಳ ಹಿಂಡಿನಲ್ಲಿ ನುಸುಳಿ, ಕಲ್ಲಿನ ಒಂದು ಕಡಿದಾದ ಮೆಟ್ಟಿಲು ಏರಿದರೆ ನೆತ್ತಿಯ ಮೇಲೆ ವಿಶಾಲವಾದ ಹುಲ್ಲುಗಾವಲು. ಅದನ್ನು ದಾಟಿ ಆಚೆ ತುದಿಯಲ್ಲಿ ಹಳ್ಳದ ಜೊತೆಗೇ ಇಳಿಯುತ್ತ ಬಂದರೆ ಮತ್ತೆ ಅದೇ ಮಾರುತಿ ಗುಡಿ. ಬಹಳ ಕಷ್ಟದ್ದಲ್ಲ, ಸುಲಭದ್ದೂ ಅಲ್ಲ. ಮೊದಲ ಸಲ ನಾವಿಬ್ಬರೂ ಅರ್ಧ ದಾರಿಯಲ್ಲಿ ಕೂತು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕಿದ್ದೆವು.

ರೇಖಾ ಮೂರನೆಯವಳಾಗಿ ಸೇರಿಕೊಂಡಳು. ನಮ್ಮ ಕಂಪನಿಯ ಪ್ಯಾಕಿಂಗ್ ವಿಭಾಗದವಳು, ಕಲಬುರಗಿ ಕಡೆಯ ಹುಡುಗಿ, ಮೂವತ್ತು ದಾಟಿತ್ತೋ ಇಲ್ಲವೋ. ಮಕ್ಕಳಿರಲಿಲ್ಲ. ಗಂಡ ಶಿವಾನಂದ ಕಳಂಬೋಲಿಯ ಕಬ್ಬಿಣ ಮಾರ್ಕೆಟ್ಟಿನಲ್ಲಿ ಲಾರಿಗೆ ಸರಳು ಏರಿಸುವ ಕೆಲಸದವನು. ಕ್ಯಾಂಟೀನಿನಲ್ಲಿ ನಮ್ಮ ಗುಡ್ಡದ ಮಾತು ಕೇಳಿಸಿಕೊಂಡು ಒಂದು ದಿನ, "ನಾನೂ ಬರ್ತೀನ್ರಿ ಅಕ್ಕಾ. ಐತ್ವಾರ ಮನ್ಯಾಗ ಇರ್ಲಾಕ ಮನಸಿಲ್ಲ," ಅಂದಳು. ಮನೆಯಲ್ಲಿ ಓವರ್‌ಟೈಮ್ ಇದೆ ಎಂದು ಹೇಳಿ ಬರುತ್ತಿದ್ದಳೆಂದು ನಮಗೆ ಗೊತ್ತಿರಲಿಲ್ಲ. ಕಲ್ಯಾಣ ಸ್ಟೇಶನ್ನಿನಲ್ಲಿ ನಮ್ಮನ್ನು ಕೂಡಿಕೊಳ್ಳುತ್ತಿದ್ದಳು. ಏರುವಾಗ ಒಂದು ಮಾತೂ ಇಲ್ಲ. ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಮುಂದೆ ಮುಂದೆ ಹೋಗುತ್ತಿದ್ದಳು. ಹುಲ್ಲುಗಾವಲು ಮುಟ್ಟಿದ ಮೇಲೆಯೇ ಅವಳ ಮುಖ ಸಡಿಲಾಗುತ್ತಿತ್ತು.

ಒಂದು ದಿನ ಮೇಲೆ ಕೂತು ಬುತ್ತಿ ಬಿಚ್ಚುವಾಗ ಅವಳು ಒದ್ದೆಯಾದ ತೋಳನ್ನು ಮೇಲಕ್ಕೆ ಮಡಿಸಿದಳು. ರಟ್ಟೆಯ ಸುತ್ತ ನೀಲಿ ಕಲೆ.

"ಎಂತಾಯ್ತು ಅದು?" ಜಯಂತಕ್ಕ ಕೇಳಿದಳು.

"ಬಚ್ಚಲದಾಗ ಜಾರಿ ಬಿದ್ದೆ."

"ಜಾರಿ ಬಿದ್ದವರ ಮೈಮೇಲೆ ಐದು ಬೆರಳು ಮೂಡುದಿಲ್ಲ ಮಾರಾಯ್ತಿ."

ರೇಖಾ ತೋಳು ಇಳಿಸಿಕೊಂಡು ರೊಟ್ಟಿ ಮುರಿದಳು. ಆಮೇಲೆ, ಯಾರೋ ಬೇರೆಯವರ ವಿಷಯ ಹೇಳುವಂತೆ ಹೇಳಿದಳು: "ಕುಡದಾಗಷ್ಟೇ ಅಲ್ರಿ. ಕುಡೀಲಾರದಾಗ ಇನ್ನೂ ನೋಡಿ ನೋಡಿ ಹೊಡೀತಾನ."

ಆ ವರ್ಷದ ಮಳೆಯೂ ಹಾಗೇ ಬಂತು, ಹೊಡೆಯುತ್ತಲೇ. ಊರಿನ ಅಂಚಿನ ಎರಡು ಮನೆಗಳ ಮೇಲೆ ಗುಡ್ಡದ ಮಣ್ಣು ಕುಸಿಯಿತು. ತೇಗದ ಮರಗಳು ಬೇರು ಕಿತ್ತು ದಾರಿಗೆ ಅಡ್ಡ ಬಿದ್ದವು. ನಾವು ಮಾತ್ರ ಬಿಡಲಿಲ್ಲ. ಜುಲೈಯ ಒಂದು ಭಾನುವಾರ ಹುಲ್ಲುಗಾವಲಿನ ನಟ್ಟನಡುವೆ ಇದ್ದಾಗ ಆಕಾಶ ಕಪ್ಪಾಯಿತು. ಬಾಳೂ ಎಂಬ ಠಾಕರ್ ಜಾತಿಯ ದನಗಾಹಿ ದೂರದಿಂದ "ಖಾಲೀ ಬಸಾ, ಖಾಲೀ ಬಸಾ" ಎಂದು ಕೂಗಿದ. ನಾವು ಕುಕ್ಕರುಗಾಲಲ್ಲಿ ಕೂತು ತಲೆ ಬಗ್ಗಿಸಿದೆವು. ಬೆಳಕೂ ಸದ್ದೂ ಒಟ್ಟಿಗೇ ಬಂದವು. ಕಿವಿ ಗುಂಯ್ ಎಂದಿತು. ತಲೆಯೆತ್ತಿ ನೋಡಿದರೆ ಬಾಳೂನ ಎಮ್ಮೆಗಳಲ್ಲಿ ದೊಡ್ಡದೊಂದು ಮಗ್ಗುಲಾಗಿ ಬಿದ್ದಿತ್ತು, ಉಳಿದವು ಬಾಲವೆತ್ತಿ ಓಡುತ್ತಿದ್ದವು. ಹತ್ತಿರ ಹೋದೆವು. ಸುಟ್ಟ ಕೂದಲಿನ ನಾತ. ಅದರ ಕಣ್ಣು ತೆರೆದೇ ಇತ್ತು, ಬಾಯಲ್ಲಿ ಹುಲ್ಲಿತ್ತು. ಬಾಳೂ ಅದರ ಕೊಂಬು ಹಿಡಿದುಕೊಂಡು ಹಣೆ ಹಣೆ ಬಡಿದುಕೊಂಡ.

ರೇಖಾ ಬಹಳ ಹೊತ್ತು ಆ ಎಮ್ಮೆಯನ್ನೇ ನೋಡುತ್ತ ನಿಂತಳು. ಇಳಿಯುವಾಗ ಹಳ್ಳದ ಸದ್ದಿನ ನಡುವೆ ಹೇಳಿದಳು, "ಅದಕ್ಕ ಒಂದಽ ಏಟಿಗೆ ಮುಗೀತು ನೋಡ್ರಿ."

ಮುಂದಿನ ವಾರ ಶಿವಾನಂದ ಕಂಪನಿಯ ಗೇಟಿಗೆ ಬಂದು ವಿಚಾರಿಸಿದ. ಭಾನುವಾರ ಓವರ್‌ಟೈಮ್ ಇಲ್ಲವೆಂದು ವಾಚ್‌ಮನ್ ಹೇಳಿಬಿಟ್ಟ. ಎರಡು ದಿನ ರೇಖಾ ಕೆಲಸಕ್ಕೆ ಬರಲಿಲ್ಲ. ಮೂರನೆಯ ದಿನ ಬಂದಾಗ ಅವಳ ಕೆಳದುಟಿ ಸೀಳಿತ್ತು, ಒಂದು ಕಣ್ಣು ಪೂರ್ತಿ ಮುಚ್ಚಿಕೊಂಡಿತ್ತು. ಪ್ಯಾಕಿಂಗಿನ ಸೂಪರ್‌ವೈಸರ್ ರಜೆ ತಗೋ ಎಂದ. ರಜೆ ತಗೊಂಡು ಹೋಗುವುದಾದರೂ ಎಲ್ಲಿಗೆ? ಜಯಂತಕ್ಕ ಮಧ್ಯಾಹ್ನದ ಊಟದ ಗಡಿಬಿಡಿಯಲ್ಲೇ ಕೈ ಒರೆಸಿಕೊಂಡು ಬಂದು ಅವಳ ಬ್ಯಾಗು ತೆಗೆದುಕೊಂಡಳು. "ಐರೋಲಿಯಲ್ಲಿ ನನ್ನ ರೂಮಿದೆ. ಇವತ್ತಿಂದ ನೀನು ಅಲ್ಲಿ," ಅಂದಳು, ಅಷ್ಟೆ.

ನಮ್ಮ ಮನೆಯವರು ವಿಷಯ ಕೇಳಿ ಊಟದ ತಟ್ಟೆ ಸರಿಸಿದರು. "ಗಂಡ ಹೆಂಡ್ತಿ ಜಗಳದಾಗ ನೀವು ಕೈ ಹಾಕಬ್ಯಾಡ್ರಿ. ಅಂವ ಎಂಥಾವನೋ ಏನೋ."

"ಎಂಥಾವ ಅಂತ ಅಕೀ ಮುಖದ ಮ್ಯಾಲ ಬರದದ," ಅಂದೆ.

ಶಿವಾನಂದ ಕ್ಯಾಂಟೀನಿಗೆ ಬಂದ. ಎತ್ತರದ ಆಳಲ್ಲ, ಆದರೆ ಸರಳು ಹೊತ್ತು ಹೊತ್ತು ಹೆಗಲು ಕಲ್ಲಾಗಿತ್ತು. ಹೆಂಡತಿಯನ್ನು ಕಳಿಸು ಎಂದ. ಜಯಂತಕ್ಕ ಇಡ್ಲಿ ಪಾತ್ರೆಯ ಮುಂದಿನಿಂದ ಅಲುಗದೆ ಕಳಿಸುವುದಿಲ್ಲ ಎಂದಳು. ಅವನು ಹೊರಗೆ ಹೋಗಿ ಒಂದು ಪೇವರ್ ಕಲ್ಲು ಎತ್ತಿಕೊಂಡು ಬಂದು ತಿಂಡಿ ಇಡುವ ಗಾಜಿನ ಕಪಾಟಿನ ಮೇಲೆ ಎಸೆದ. ಊಟಕ್ಕೆ ಕೂತವರ ತಟ್ಟೆಗಳಲ್ಲೆಲ್ಲ ಗಾಜಿನ ಚೂರು. ಒಬ್ಬ ಅಡಿಗೆಯವನ ಕೆನ್ನೆ ಸೀಳಿ ರಕ್ತ ಅಂಗಿಗಿಳಿಯಿತು. ಪೊಲೀಸರು ಶಿವಾನಂದನನ್ನು ಕರೆದೊಯ್ದು ಒಂದು ರಾತ್ರಿ ಕೂರಿಸಿ, ಬೆದರಿಸಿ ಬಿಟ್ಟರು. ಆಮೇಲೆ ಅವನು ಕಾಣಲಿಲ್ಲ. ನಾವು ಮುಗಿಯಿತು ಅಂದುಕೊಂಡೆವು.

ಶ್ರಾವಣದಲ್ಲಿ ಮಳೆ ಸ್ವಲ್ಪ ಬಿಡುವು ಕೊಟ್ಟಿತು. "ಗುಡ್ಡಕ್ಕ ಹೋಗೋಣ್ರಿ," ಎಂದು ರೇಖಾಳೇ ಕೇಳಿದಳು. ಐರೋಲಿಯಿಂದ ಅವರಿಬ್ಬರು ಲೋಕಲ್ ಹತ್ತಿದಾಗ ಶಿವಾನಂದ ಅದೇ ಗಾಡಿಯ ಬೇರೆ ಡಬ್ಬಿಯಲ್ಲಿದ್ದನೆಂದು ಆಮೇಲೆ ತಿಳಿಯಿತು. ಕಲ್ಯಾಣದಲ್ಲಿ ನಾವು ಬಸ್ಸು ಹತ್ತಿದೆವು, ಅವನು ಹಿಂದಿನಿಂದ ರಿಕ್ಷಾ ಮಾಡಿಕೊಂಡು ಬಂದ.

ಹುಲ್ಲುಗಾವಲಿನಲ್ಲಿ ಮಂಜು ಕವಿದಿತ್ತು. ಕಾಲ ಕೆಳಗೆ ಮೊಣಕಾಲೆತ್ತರದ ಹುಲ್ಲು, ನಡುನಡುವೆ ಟಾಕಳಾ. ಜಯಂತಕ್ಕ ಅದನ್ನು ತನ್ನ ತುಳುವಿನಲ್ಲಿ "ತಜಂಕ್, ತಜಂಕ್" ಎನ್ನುತ್ತ ಪತ್ರೊಡೆಗೆ ಹಾಕಲೆಂದು ಕೊಯ್ದು ಚೀಲಕ್ಕೆ ತುಂಬುತ್ತಿದ್ದಳು. ಆಚೆ ತುದಿಗೆ, ಹಳ್ಳ ಇಳಿಯುವ ಕೊರಕಲಿನ ಹತ್ತಿರ ಬಂದಿದ್ದೆವು. ಹಿಂದೆ ಯಾರೋ ಉಸಿರು ಬಿಡುವ ಸದ್ದಾಯಿತು. ಬಾಳೂನ ಎಮ್ಮೆಯಿರಬೇಕೆಂದು ನಾನು ತಿರುಗಿದೆ. ಶಿವಾನಂದ ನಿಂತಿದ್ದ. ಕೈಯಲ್ಲಿ ಒದ್ದೆ ಪೇಪರಿನಲ್ಲಿ ಸುತ್ತಿದ ಏನೋ ಇತ್ತು. ಪೇಪರು ಹರಿದು ಕೆಳಗೆ ಬಿತ್ತು. ತೋಳುದ್ದದ ಕಬ್ಬಿಣದ ಸರಳು.

ಅವನು ನೇರ ರೇಖಾಳ ಮೇಲೆ ಹೋದ. ಜಯಂತಕ್ಕ ಅಡ್ಡ ಬಂದು ಕೈ ಎತ್ತಿದಳು; ಸರಳು ಅವಳ ಮುಂಗೈ ಮೇಲೆ ಬಿತ್ತು. ಒಣ ಕಟ್ಟಿಗೆ ಮುರಿದಂಥ ಸದ್ದು. ಜಯಂತಕ್ಕ ಕೂತುಬಿಟ್ಟಳು. ಅಷ್ಟರಲ್ಲಿ ಅವನು ರೇಖಾಳ ಜಡೆ ಹಿಡಿದು, ತಲೆ ಕಲ್ಲಿಗೆ ಬಡಿಯುವಂತೆ ನೆಲಕ್ಕೆ ಕೆಡವಿ ಕೊರಕಲಿನ ಕಡೆಗೆ ಎಳೆಯತೊಡಗಿದ್ದ. ನನ್ನ ಕೈಯಲ್ಲಿ ಊರಿಕೊಂಡು ನಡೆಯಲು ತಂದ ಬಿದಿರಿನ ಕೋಲಿತ್ತು. ಎರಡೂ ಕೈಯಿಂದ ಹಿಡಿದು ಅವನ ಕಿವಿಯ ಮೇಲೆ ಬೀಸಿದೆ. ಕೋಲು ಸೀಳಿತು. ಅವನು ತಿರುಗಿ ನನ್ನನ್ನು ದೂಡಿದ; ಬೋರಲಾಗಿ ಬಿದ್ದೆ. ಬೆನ್ನ ಮೇಲೆ ಮೊಣಕಾಲು ಊರಿ ಸರಳು ಎತ್ತಿದ. ಮೊದಲ ಏಟು ನನ್ನ ಬೆನ್ನುಚೀಲಕ್ಕೆ ಬಿತ್ತು. ಒಳಗಿನ ಸ್ಟೀಲಿನ ಡಬ್ಬಿ ತಗ್ಗಾದದ್ದು ಬೆನ್ನಿಗೇ ಗೊತ್ತಾಯಿತು. ಬಾಯಿ ಮೂಗಿನಲ್ಲೆಲ್ಲ ಸೊಪ್ಪು, ಕೆಸರು. ಎರಡನೆಯ ಏಟು ಬರಲಿಲ್ಲ.

ರೇಖಾ ಅವನ ಮಣಿಕಟ್ಟು ಕಚ್ಚಿ ಹಿಡಿದಿದ್ದಳು. ಅವನು ಕಿರಿಚಿದ. ಸರಳು ಜಾರಿ ಅವಳ ಕೈಗೆ ಬಂತು. ನಾನು ಹೊರಳಿ ನೋಡುವಷ್ಟರಲ್ಲಿ ಅವಳು ಹೊಡೆಯಲು ಶುರುಮಾಡಿದ್ದಳು. ಹೆಗಲಿಗೆ ಹೊಡೆದಳು, ರಟ್ಟೆಗೆ ಹೊಡೆದಳು, ಮತ್ತೆ ಅದೇ ಹೆಗಲಿಗೆ. ಒಂದು ಏಟಿಗೂ ಅವಳ ಬಾಯಿಂದ ಸದ್ದು ಬರಲಿಲ್ಲ. ಅವನು ಹಿಂದೆ ಹಿಂದೆ ಸರಿದ. ಒದ್ದೆ ಹುಲ್ಲಿನಲ್ಲಿ ಅವನ ಚಪ್ಪಲಿ ಜಾರಿತು, ಕೊರಕಲಿಗೆ ಬಿದ್ದ.

ಇಬ್ಬರು ಆಳಿನಷ್ಟು ಆಳ. ಕೆಳಗೆ ಬಂಡೆ, ಬಂಡೆಯ ಮಗ್ಗುಲಿಗೆ ಹಳ್ಳದ ನೀರು. ಅವನ ಎಡಗಾಲು ಮೊಣಕಾಲಿನ ಕೆಳಗೆ ತಿರುಗಬಾರದ ಕಡೆಗೆ ತಿರುಗಿತ್ತು. ರೇಖಾ ಸರಳು ಹಿಡಿದುಕೊಂಡೇ ಇಳಿದಳು. ನಾನು "ರೇಖಾ, ಬ್ಯಾಡ," ಅಂದೆನೋ ಅನ್ನಲಿಲ್ಲವೋ. ಅವಳು ಅವನ ಮುಂದೆ ನಿಂತಳು. ಅವನು ಎರಡೂ ಕೈ ಎತ್ತಿ ತಲೆ ಮುಚ್ಚಿಕೊಂಡು ಮುದುಡಿದ.

"ನೋಡ್ರಿ ಅಕ್ಕಾ," ಎಂದಳು ಅವಳು ಮೇಲೆ ನನ್ನ ಕಡೆಗೆ ನೋಡಿ. "ನಾನೂ ಹಿಂಗಽ ಕೈ ಎತ್ತತಿದ್ದೆ." ಸರಳನ್ನು ಹಳ್ಳಕ್ಕೆ ಎಸೆದಳು.

ಮಳೆ ಮತ್ತೆ ಶುರುವಾಯಿತು. ಹಳ್ಳದ ನೀರು ಕೆಂಪಗಾಗಿ ಏರತೊಡಗಿತು. ಮೊಬೈಲಿಗೆ ಸಿಗ್ನಲ್ ಇಲ್ಲ. ಅವನು ಮೊದಲು ಬೈದ. ಅವಳ ತಾಯಿಯನ್ನು, ನಮ್ಮ ಮೂವರ ಹುಟ್ಟನ್ನು, ಬಾಯಿಗೆ ಬಂದಂತೆ ಬೈದ. ನೀರು ಸೊಂಟ ಮುಟ್ಟಿದ ಮೇಲೆ "ಯವ್ವಾ, ಎತ್ತವ್ವಾ" ಎಂದು ಅಳಲು ಶುರುಮಾಡಿದ. ಜಯಂತಕ್ಕ ಮುರಿದ ಕೈಯನ್ನು ಎದೆಗೆ ಒತ್ತಿಕೊಂಡು ಅಂಚಿಗೆ ಬಂದು ನೋಡಿದಳು. ಅವಳ ಮುಖ ಬೂದಿಯಾಗಿತ್ತು.

"ಬಿಟ್ಟು ಹೋಗುವ. ಜಾರಿ ಬಿದ್ದ ಅಂತ ಹೇಳುವ. ಯಾರು ಕೇಳ್ತಾರೆ?"

ಜಯಂತಕ್ಕ ಹೇಳಿದ್ದು ತಪ್ಪೆಂದು ನನಗೆ ಆಗ ಅನ್ನಿಸಲಿಲ್ಲ. ರೇಖಾ ಕೂದಲನ್ನು ಹಿಂದೆ ಕಟ್ಟಿಕೊಂಡಳು. ಅವಳ ತಲೆಯಿಂದ ರಕ್ತ ಮಳೆನೀರಿನ ಜೊತೆ ಕುತ್ತಿಗೆಗೆ ಇಳಿಯುತ್ತಿತ್ತು.

"ಅಂವ ಇಲ್ಲಿ ಸತ್ತನಂದ್ರ ನಾ ಸಾಯೋತನಕ ಅಂವನ ಹೇಂತಿಯಾಗೇ ಉಳೀತೀನಿ, ಜಯಂತಕ್ಕ. ಬಳಿ ಒಡಸ್ತಾರ. ವರ್ಷ ವರ್ಷ ಅಂವನ ಫೋಟೋಕ್ಕ ಹಾರ ಹಾಕಂತಾರ. ಅಂವ ಬದಕಬೇಕ್ರಿ. ಬದಕಿದ್ರ ಬಿಟ್ಟೆ ಅನ್ಲಾಕ ಬರ್ತದ."

ಹೇಳಿ, ನೀರಿಗೆ ಇಳಿದು ಅವನ ಕಂಕುಳಿಗೆ ಕೈ ಹಾಕಿದಳು. ನಾನೂ ಇಳಿದೆ. ಇಬ್ಬರೂ ಸೇರಿ ಎಳೆದೆವು. ಬಂಡೆಗೆ ಕಾಲು ತಾಗಿದಾಗಲೆಲ್ಲ ಅವನು ಏಟು ತಿಂದ ನಾಯಿಯ ಹಾಗೆ ಕೂಗುತ್ತಿದ್ದ. ಮೇಲಕ್ಕೆ ತಂದು ಹಾಕಿದಾಗ ಮೂವರ ಮೈಯೂ ಕೆಸರಾಗಿತ್ತು, ಯಾವ ರಕ್ತ ಯಾರದೆಂದು ತಿಳಿಯುತ್ತಿರಲಿಲ್ಲ. ಮಡಿಸಿದ ಎರಡು ಛತ್ರಿಗಳನ್ನು ಅವನ ಕಾಲಿನ ಎರಡು ಬದಿಗೆ ಇಟ್ಟು ಜಯಂತಕ್ಕ ಒಂದೇ ಕೈಯಲ್ಲಿ ದುಪ್ಪಟ್ಟಾ ಸುತ್ತಿದಳು, ಹಲ್ಲಿನಿಂದ ಗಂಟು ಎಳೆದಳು. "ಬಿಗಿಯಾಗಿ ಕಟ್ಟಿದ್ದೇನೆ, ಅಲುಗಾಡಬೇಡ," ಎಂದು ಅವನಿಗೆ ಗದರಿದಳು.

ನಾನು ಹುಲ್ಲುಗಾವಲಿನ ಮಧ್ಯದ ಬಾಳೂನ ಹುಲ್ಲುಗುಡಿಸಲಿಗೆ ಓಡಿದೆ. ಅವನು ಎರಡು ಗಳ, ಒಂದು ತಾಡಪತ್ರಿ ಹಿಡಿದು ಬಂದ. ಶಿವಾನಂದನನ್ನು ನೋಡಿ ಏನಾಯಿತೆಂದು ಕೇಳಿದ. ನಾನು "ಪಡ್ಲಾ," ಬಿದ್ದ, ಎಂದೆ.

"ಪಡ್ಲಾ ನಾಯ್," ಎಂದಳು ರೇಖಾ. "ಮೀ ಮಾರ್ಲಂ." ಬೀಳಲಿಲ್ಲ, ನಾನು ಹೊಡೆದೆ.

ಬಾಳೂ ಅವಳ ಸೀಳಿದ ತಲೆ ನೋಡಿದ, ಜಯಂತಕ್ಕನ ಜೋಲುವ ಕೈ ನೋಡಿದ. ಹಾಗಾದರೆ ಇಲ್ಲೇ ಬಿಡಿ ಎಂದು ತಣ್ಣಗೆ ಹೇಳಿದ. ರೇಖಾ ಬೇಡವೆಂದು ತಲೆಯಾಡಿಸಿದಳು. ಅವನು ಇನ್ನೇನೂ ಕೇಳದೆ ತಾಡಪತ್ರಿಯನ್ನು ಗಳಗಳಿಗೆ ಕಟ್ಟಿದ.

ಹಳ್ಳದ ದಾರಿ ಮುಚ್ಚಿಹೋಗಿತ್ತು, ಹತ್ತಿದ ದಾರಿಯಲ್ಲೇ ಇಳಿಯಬೇಕಾಯಿತು. ಮುಂದೆ ಬಾಳೂ, ಹಿಂದಿನ ಎರಡು ತುದಿಗೆ ನಾನು ಮತ್ತು ರೇಖಾ. ಜಯಂತಕ್ಕ ಚೀಲಗಳನ್ನೆಲ್ಲ ಒಂದೇ ಹೆಗಲಿಗೆ ಹಾಕಿಕೊಂಡು ಮುಂದೆ ದಾರಿ ನೋಡುತ್ತ ಹೋದಳು. ಕಲ್ಲಿನ ಮೆಟ್ಟಿಲಲ್ಲಿ ನನ್ನ ಕಾಲು ಜಾರಿ ಗಳ ವಾಲಿತು. ಅವನ ಮುರಿದ ಕಾಲು ಬಂಡೆಗೆ ಬಡಿಯಿತು. ಅವನ ಕೂಗು ಕಣಿವೆಯಲ್ಲೆಲ್ಲ ಸುತ್ತಿತು. ನನಗೆ ಅಯ್ಯೋ ಅನ್ನಿಸಲಿಲ್ಲ. ಕಾರವಿಯ ಹಿಂಡಿನಲ್ಲಿ ಅವನು ಒಮ್ಮೆ ರೇಖಾಳ ಕೈ ಹಿಡಿಯಲು ನೋಡಿದ. "ಇನ್ನ ಹೊಡೆಂಗಿಲ್ಲ, ದೇವರಾಣಿ," ಅಂದ. ಅವಳು ಕೈ ಸರಿಸಿ ಗಳವನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

"ಬಾಯಿ ಮುಚ್ಚಿ ಮಲಕೋ. ನಿನ್ನ ಭಾರ ಹೊರೋದು ಇವತ್ತಿಗೆ ಮುಗೀತು."

ಊರಿನವರು ಗಾಡಿ ಮಾಡಿಕೊಟ್ಟರು. ಸರ್ಕಾರಿ ಆಸ್ಪತ್ರೆಯಲ್ಲಿ ಪೊಲೀಸರು ಬಂದಾಗ ರೇಖಾ ಹೇಳಿದ್ದರಲ್ಲಿ ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಅವನು ಏನೇನು ಮಾಡಿದ, ತಾನು ಎಲ್ಲೆಲ್ಲಿ ಹೊಡೆದೆ ಎಂಬುದನ್ನೆಲ್ಲ ಹೇಳಿದಳು. ಅವನ ಮೇಲೆ ಕೇಸಾಯಿತು. ಅವನೂ ನಮ್ಮ ಮೇಲೆ ದೂರು ಕೊಟ್ಟ. ನಾನು ಮನೆಗೆ ಹೋದಾಗ ನಮ್ಮ ಮನೆಯವರು ಬಾಗಿಲಲ್ಲೇ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಬೈಯುತ್ತಾರೆ ಅಂದುಕೊಂಡೆ. ನನ್ನ ಬೂಟು ಬಿಚ್ಚಿ, ಬಚ್ಚಲಿಗೆ ಒಯ್ದು, ಹಳೇ ಬ್ರಶ್ಶಿನಿಂದ ರಕ್ತ ಕೆಸರು ಹೋಗುವ ತನಕ ತಿಕ್ಕಿದರು.

ಕಲಬುರಗಿಯಿಂದ ಶಿವಾನಂದನ ಅಣ್ಣ ಬಂದ. ಎರಡೂ ಕಡೆಯವರು ಕೇಸು ಹಿಂದಕ್ಕೆ ತಗೊಳ್ಳೋಣ, ಹುಡುಗಿ ಮನೆಗೆ ಬರಲಿ ಎಂದು ಕ್ಯಾಂಟೀನಿನಲ್ಲಿ ಕೂತು ಮೆತ್ತಗೆ ಮಾತಾಡಿದ. ರೇಖಾ ನಿಂತೇ ಕೇಳಿಸಿಕೊಂಡಳು. "ಡೈವೋರ್ಸಿಗೆ ಸಹಿ ಹಾಕ್ಲಿ. ಆಮ್ಯಾಲ ಕೇಸಿನ ಮಾತು," ಎಂದಳು. ಅವನು ಗಂಟಲೇರಿಸಿದಾಗ, ಕೆನ್ನೆಯ ಗಾಯದ ಕಲೆ ಇನ್ನೂ ಮಾಸಿರದ ಅಡಿಗೆಯವನು ಸೌಟು ಹಿಡಿದು ಅವಳ ಪಕ್ಕ ಬಂದು ನಿಂತ. ಕೋರ್ಟಿಗೆ ತಿರುಗಿ ತಿರುಗಿ ಕೊನೆಗೆ ಸಹಿ ಬಿತ್ತು. ಕಾಲಿಗೆ ರಾಡು ಹಾಕಿಸಿಕೊಂಡ ಶಿವಾನಂದ ಅಣ್ಣನ ಜೊತೆ ಊರಿಗೆ ಹೋದ, ಕುಂಟುತ್ತಾನಂತೆ. ರೇಖಾ ಅದೇ ಪ್ಯಾಕಿಂಗಿನಲ್ಲಿದ್ದಾಳೆ, ಈಗ ಅವಳೇ ಸೂಪರ್‌ವೈಸರ್.

ಆದರೆ ಆ ವರ್ಷದ ಮಳೆಗಾಲ ನನ್ನ ಮಟ್ಟಿಗೆ ಮುಗಿದದ್ದು ಕೋರ್ಟಿನಲ್ಲಲ್ಲ. ಗಣಪತಿ ಮುಳುಗಿಸಿದ ಮುಂದಿನ ಭಾನುವಾರ, ಜಯಂತಕ್ಕನ ಕೈಯ ಪ್ಲಾಸ್ಟರ್ ತೆಗೆದ ಮೇಲೆ, ಮೂವರೂ ಮತ್ತೆ ಗುಡ್ಡಕ್ಕೆ ಹೋದೆವು. ಅರ್ಧಕ್ಕೇ ಬಿಟ್ಟಿದ್ದ ಸುತ್ತು ಮುಗಿಸಬೇಕೆಂದು ರೇಖಾಳ ಹಟ. ಮಳೆ ನಿಂತಿತ್ತು. ಹುಲ್ಲುಗಾವಲು ಪೂರ್ತಿ ಹಳದಿ ಹೂ, ಸೊಂಟದವರೆಗೂ. ಕೊರಕಲಿನ ಹತ್ತಿರ ಯಾರೂ ನಿಲ್ಲಲಿಲ್ಲ. ದಾಟಿ ಹಳ್ಳದ ದಾರಿ ಹಿಡಿದೆವು. ನೀರು ತಿಳಿಯಾಗಿತ್ತು.

ಒಂದು ತಿರುವಿನಲ್ಲಿ ಪೊದೆಯ ಹಿಂದಿನಿಂದ ಒಬ್ಬ ಗಂಡಸು ಥಟ್ಟನೆ ಎದ್ದು ನಿಂತ. ಕೊರಳಲ್ಲಿ ದುರ್ಬೀನು. ಮರದ ಮೇಲಿನ ಯಾವುದೋ ಹಕ್ಕಿಯನ್ನು ನಮಗೂ ತೋರಿಸಲೆಂದು ಕೈ ಮೇಲೆತ್ತಿದ. ಎತ್ತಿದ ಕೈ ಎತ್ತಿದಲ್ಲೇ ನಿಂತಿತು. ಅವನ ಮುಖದ ಬಣ್ಣ ಇಳಿದದ್ದನ್ನು ನೋಡಿ ನಾನು ಪಕ್ಕಕ್ಕೆ ತಿರುಗಿದೆ. ರೇಖಾಳ ಕೈಯಲ್ಲಿ ಹಳ್ಳದ ಒಂದು ಕಲ್ಲಿತ್ತು, ಹೆಗಲಿನ ಮಟ್ಟಕ್ಕೆ. ಜಯಂತಕ್ಕನ ಕೈಯಲ್ಲೂ ಒಂದು, ಈಗಷ್ಟೇ ಕೂಡಿದ ಕೈಯಲ್ಲಿ. ನನ್ನ ಅಂಗೈಗೂ ಏನೋ ತಣ್ಣಗೆ ಒತ್ತುತ್ತಿತ್ತು. ಯಾವಾಗ ಬಗ್ಗಿದೆ, ಯಾವಾಗ ಎತ್ತಿಕೊಂಡೆ, ಇವತ್ತಿಗೂ ನನಗೆ ನೆನಪಿಲ್ಲ.

"ಕ್ಯಾ ಹುವಾ, ಆಂಟಿ?" ಎಂದ ಅವನು.

"ಕುಛ್ ನಹೀ," ಎಂದಳು ಜಯಂತಕ್ಕ. "ಆಪ್ ಆಗೆ ಚಲೋ."

ಅವನು ನಮ್ಮ ಮೇಲಿನಿಂದ ಕಣ್ಣು ತೆಗೆಯದೆ ಹಿಂದಕ್ಕೆ ಹೆಜ್ಜೆ ಇಟ್ಟು, ತಿರುಗಿ, ಬೇಗ ಬೇಗ ಇಳಿದುಹೋದ. ಅವನ ಬೂಟಿನ ಸದ್ದು ಅಡಗುವವರೆಗೆ ಮೂವರೂ ಅಲ್ಲೇ ನಿಂತೆವು. ಆಮೇಲೆ ಕಲ್ಲುಗಳನ್ನು ಕೆಳಗಿಟ್ಟು, ಹಳ್ಳದಲ್ಲಿ ಕೈ ತೊಳೆದುಕೊಂಡು, ನಡೆದೆವು.